ಆರು ಕೋನು, ಒಬ್ಬ ಕೋಚು

ನಮ್ಮ ಬೀದಿಯ ಹನ್ನೆರಡು ಮಕ್ಕಳನ್ನು ಫುಟ್‌ಬಾಲ್ ವೀರರನ್ನಾಗಿ ಮಾಡಿಯೇ ತೀರುತ್ತೇನೆಂದು ಆ ಭಾನುವಾರ ಬೆಳಿಗ್ಗೆ ಘೋಷಿಸಿದೆ! ಕೇಳಿಸಿಕೊಂಡವಳು ಹೆಂಡತಿ ಪದ್ಮಶ್ರೀ ಒಬ್ಬಳೇ. ಅದೂ ಮಗ್ಗದ ಸದ್ದಿನಲ್ಲಿ ಅರ್ಧಂಬರ್ಧ.

"ನೀವ್ಯಾವತ್ರೀ ಫುಟ್‌ಬಾಲ್ ಆಡಿದ್ರಿ?"

"ಆಡೋದ್ ಬೇರೆ, ಆಡ್ಸೋದ್ ಬೇರೆ ಕಣೇ!"

"ಆಡ್ಸಿ, ಆಡ್ಸಿ. ಹೊಸಕೋಟೆ ಮದುವೆ ಮನೆಯೋರ್ ಸೀರೆ ಇನ್ನೂ ಐದು ಬಾಕಿ ಇದೆ. ಬುಧವಾರ ಕೊಡ್ಬೇಕು, ಬೇಗ ಬನ್ನಿ."

ನಾನೇನು ಸಿದ್ಧತೆಯಿಲ್ಲದೆ ಹೊರಟವನಲ್ಲ. ಮೊಬೈಲಿನಲ್ಲಿ ಪೂರ್ತಿ ಹನ್ನೊಂದು ನಿಮಿಷದ ವಿಡಿಯೊ ಮುಗಿಸಿದ್ದೆ. ನಿಜ ಹೇಳಬೇಕೆಂದರೆ ನೋಡಿರಲಿಲ್ಲ, ಗಾಡಿ ಓಡಿಸುತ್ತಾ ಕೇಳಿದ್ದೆ. 'ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಭಾಷಣ ಮಾಡಬೇಡಿ. ಆಟ ಆಡಿಸಿ, ಆಟದಲ್ಲೇ ಕಲಿಯುತ್ತಾರೆ. ಆರು ಕೋನ್ ಇಡಿ' ಎಂದಿತ್ತು. ದೊಡ್ಡಬಳ್ಳಾಪುರದ ನೇಕಾರನ ಮನೆಯಲ್ಲಿ ಕೋನಿಗೆ ಬರವೇ? ಬುಟ್ಟಿಯಲ್ಲಿದ್ದ, ನೂಲು ಸುತ್ತಿದ ಆರು ಕೋನುಗಳನ್ನೂ ಎತ್ತಿಕೊಂಡು ಶಾಲೆ ಮೈದಾನಕ್ಕೆ ನಡೆದೆ. ಎಲ್ಲವೂ ಗಿಳಿಹಸಿರು ಬಣ್ಣದವು.

ಆಟ ಕಳ್ಳ-ಪೊಲೀಸ್. ಚೆಂಡಿದ್ದವನು ಕಳ್ಳ. ಕೋನುಗಳ ನಡುವೆ ನುಸುಳಿ ಪೊಲೀಸರಿಂದ ತಪ್ಪಿಸಿಕೊಳ್ಳಬೇಕು. ಆಹಾ, ಮಕ್ಕಳು ಎಷ್ಟು ಚೆನ್ನಾಗಿ ಕಲಿತವು! ನನ್ನ ಮಗಳು ಮೇಘನ ಚೆಂಡು ತಿರುಗಿಸಿದ ರೀತಿಗೆ ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಭಾನುಪ್ರಕಾಶ್ ಎಂಬ ಹುಡುಗ ದಬಕ್ಕನೆ ಬಿದ್ದ.

"ಸಾರ್, ಯಾರೋ ಕಾಲ್ ಹಿಡ್ಕೊಂಡ್ರು!"

"ಪೊಲೀಸ್ನೋರು ಕಳ್ಳನ್ ಕಾಲ್ ಹಿಡಿಯಂಗಿಲ್ಲ! ಫೌಲ್!" ಎಂದು ಸೀಟಿ ಊದಿದೆ.

ಹಿಡಿದದ್ದು ನೂಲು. ಚೆಂಡು ಬಡಿದು ಉರುಳಿದ ಕೋನುಗಳಿಂದ ಬಿಚ್ಚಿಕೊಂಡಿತ್ತು. ಹಸಿರು ಹುಲ್ಲಿನಲ್ಲಿ ಹಸಿರು ನೂಲು ಯಾರಿಗೆ ಕಾಣಬೇಕು? ಒಬ್ಬರ ಮೇಲೊಬ್ಬರು ಬಿದ್ದರು. ಬಿಡಿಸಲು ನುಗ್ಗಿದ ನಾನೂ ಮಕಾಡೆ ಬಿದ್ದೆ. ಹಾಸು ಯಾವುದು, ಹೊಕ್ಕು ಯಾವುದು ತಿಳಿಯದಂತೆ ಹದಿಮೂರು ಜನ ಒಂದೇ ಸೀರೆಯಾಗಿ ನೇಯ್ದುಹೋದೆವು!

ಆ ಹೊತ್ತಿಗೆ ಗೇಟಿನಲ್ಲಿ ಪದ್ಮಶ್ರೀ, ಕೈಯಲ್ಲಿ ಖಾಲಿ ಬುಟ್ಟಿ.

"ರೀ! ಆ ಬಣ್ಣ ಇಷ್ಟೇ ಇದ್ದಿದ್ದು. ಮತ್ತೆ ನೂಲಿಗೆ ಬಣ್ಣ ಹಾಕ್ಸಿದ್ರೆ ಇದೇ ಹಸಿರು ಬರಲ್ಲ. ಐದ್ ಸೀರೆ ಹೆಂಗ್ರೀ ಮುಗಿಸ್ಲಿ?"

"ವಿಡಿಯೊದಲ್ಲಿ ಕೋನ್ ಇಡಿ ಅಂದ್ರು ಕಣೇ…"

"ಅದು ಪ್ಲಾಸ್ಟಿಕ್ ಕೋನ್ ಅಪ್ಪಾ! ರೋಡಲ್ಲಿ ಇಟ್ಟಿರ್ತಾರಲ್ಲ, ಅದು!" ಎಂದಳು ಮೇಘನ.

"ಮೊದ್ಲೇ ಹೇಳೋಕೇನಾಗಿತ್ತು?"

"ಹೇಳೋಕ್ ಬಂದೆ. ಕೋಚ್ ಮುಂದೆ ಮಾತಾಡ್ಬಾರ್ದು ಅಂದ್ಯಲ್ಲ!"

ಈ ಸೀರೆಗಳಿಗಾಗಿ ಪದ್ಮಶ್ರೀ ವಾರದಿಂದ ಬೆನ್ನು ನೆಟ್ಟಗೆ ಮಾಡಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಅವಳು ಬೈಯಲೇ ಇಲ್ಲ, ಸೆರಗು ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದಳು.

"ಮಕ್ಕಳಾ, ಹೊಸ ಆಟ! ಇಬ್ಬಿಬ್ರು ಒಂದೊಂದ್ ಕೋನ್ ಹಿಡ್ಕೊಳ್ಳಿ. ನೂಲು ಹರೀದಂಗೆ ಮೊದ್ಲು ಸುತ್ತಿದೋರಿಗೆ ಚೆಂಡು!"

ಉಸಿರು ಬಿಗಿಹಿಡಿದು ಸುತ್ತಿದವು ಮಕ್ಕಳು! ಬಿಸಿಲೇರುವಷ್ಟರಲ್ಲಿ ಆರು ಕೋನುಗಳೂ ಬುಟ್ಟಿ ಸೇರಿದವು. ಸೀರೆಗೆ ಸಾಕು ಎಂದು ಪದ್ಮಶ್ರೀ ಕೊನೆಗೂ ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು.

"ಆಂಟಿ, ಈಗ ಕೋನಿಲ್ದೆ ಹೆಂಗ್ ಆಡೋದು?" ಎಂದ ಭಾನುಪ್ರಕಾಶ್.

ಅವಳು ಬುಟ್ಟಿಯನ್ನು ಸೊಂಟಕ್ಕಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ರೀ, ಹೋಗಿ ಮಧ್ಯದಲ್ಲಿ ನಿಂತ್ಕೊಳ್ಳಿ. ಅಲ್ಲಾಡ್ಬೇಡಿ."

ನಿಂತೆ. ಕೋಚ್ ಆಗಲು ಬಂದವನು ಕೋನ್ ಆದೆ! ಮಕ್ಕಳು ನನ್ನ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಚೆಂಡು ಹೊರಳಿಸುತ್ತಾ ಓಡಿದರು. ತಡೆದುಕೊಳ್ಳಲಾಗಲಿಲ್ಲ. "ಲೇ, ಎಡಗಾಲಲ್ಲಿ ಒದೀರೋ…" ಎಂದು ಬಾಯಿ ತೆರೆದೆ.

"ಅಪ್ಪಾ," ಎಂದಳು ಮೇಘನ, "ಕೋನು ಮಾತಾಡಲ್ಲ!"