ರಾಮನವಮಿಗೆ ಸಾವಿರ ಯೆನ್

ಕೋಟು ಬಿಸಿಲಿಗೆ ಹಾಕುವ ಮುಂಚೆ ಜೇಬು ತಡಕುವ ಅಭ್ಯಾಸ ಶಕುಂತಲಮ್ಮನಿಗೆ ಇಲ್ಲದೇ ಹೋಗಿದ್ದರೆ, ಅವಳ ಗಂಡ ಮುನಿರಾಮಪ್ಪನ ರಾಮನವಮಿ ಪಾನಕ ಕೋಸಂಬರಿಯಲ್ಲೇ ಮುಗಿಯುತ್ತಿತ್ತು. ಒಳಜೇಬಿನಿಂದ ಒಂದು ಜಪಾನಿ ನೋಟು ಹೊರಬಿತ್ತು. ಅದರ ಮೇಲೆ ಸಾವಿರ ಎಂದಿತ್ತು.

“ಸಾವಿರ ರೂಪಾಯಿ ಮುಚ್ಚಿಟ್ಕೊಂಡಿದ್ರಾ ನನ್ನಿಂದ?” ಎಂದಳು ಶಕುಂತಲಮ್ಮ. ಅದು ಸಾವಿರ ಯೆನ್, ನಮ್ಮ ಲೆಕ್ಕದಲ್ಲಿ ನಲವತ್ತು ರೂಪಾಯಿ ದಾಟುವುದಿಲ್ಲ ಎಂದು ಅವಳಿಗೆ ತಿಳಿಯಹೇಳುವಷ್ಟರಲ್ಲಿ ಕಾಫಿ ಆರಿಹೋಯಿತು.

ವಿದೇಶಿ ಹಣಕ್ಕೆ ಬಿಗಿ ಕಾನೂನಿದ್ದ ಆ ಕಾಲದಲ್ಲಿ ನಲವತ್ತೇ ಆದರೂ ಪ್ರಾಣಸಂಕಟ. ಅಚ್ಚಿನ ಯಂತ್ರ ನೋಡಿಬರಲೆಂದು ಇಲಾಖೆ ಅವನನ್ನೂ ಮೇಲಧಿಕಾರಿ ರಾಮಾನುಜ ಸಾಹೇಬರನ್ನೂ ಟೋಕಿಯೋಗೆ ಕಳಿಸಿತ್ತು. ಉಳಿದ ವಿದೇಶಿ ಹಣವನ್ನು ಹಿಂದಿರುಗಿಸಬೇಕು. ಏನೂ ಉಳಿದಿಲ್ಲವೆಂದು ಹೋದ ವಾರವಷ್ಟೇ ಮುನಿರಾಮಪ್ಪ ಸಾಹೇಬರ ಎದುರಿಗೇ ಸಹಿ ಹಾಕಿದ್ದ. ಒಂದು ಯೆನ್ ಸಿಕ್ಕರೂ ಸಸ್ಪೆಂಡ್ ಮಾಡುತ್ತೇನೆಂದು ಸಾಹೇಬರು ಎಚ್ಚರಿಸಿದ್ದರು. ಅವನ ಬಡ್ತಿಯ ಫೈಲು ಬೇರೆ ಅವರ ಮೇಜಿನ ಮೇಲೇ ಇತ್ತು.

ಒಲೆಗೆ ಹಾಕೋಣವೆಂದರೆ ಶಕುಂತಲಮ್ಮ ಒಪ್ಪಲಿಲ್ಲ. ಯಾವ ದೇಶದ್ದಾದರೇನು, ಲಕ್ಷ್ಮಿ ಲಕ್ಷ್ಮಿಯೇ, ಹಬ್ಬದ ದಿನ ಸುಡುವುದುಂಟೆ ಎಂದು ನೋಟನ್ನು ಕಣ್ಣಿಗೊತ್ತಿಕೊಂಡಳು. ಬ್ಯಾಂಕಿಗೆ ರಜೆ.

ಪಕ್ಕದ ಮನೆಯ ಶೀನಣ್ಣ ಚಾಮರಾಜಪೇಟೆಯ ಆ ಬೀದಿಯ ರಾಮೋತ್ಸವ ಸಮಿತಿಯ ಕಾರ್ಯದರ್ಶಿ. ಯಾರ ಮನೆಯ ಹಾಲು ಉಕ್ಕಿದರೂ ಮೊದಲು ವಾಸನೆ ಬಡಿಯುವುದು ಅವರ ಮೂಗಿಗೆ. ಸ್ನೇಹಿತರೊಬ್ಬರಿಗೆ ಹೀಗೀಗಾಗಿದೆ ಎಂದು ಮುನಿರಾಮಪ್ಪ ಅವರನ್ನು ಕೇಳಿದ.

“ಗಾಂಧಿನಗರದಲ್ಲಿ ಬಟ್ಟೆ ಅಂಗಡಿಯೋರೊಬ್ರು ಸದ್ದಿಲ್ದೆ ತಗೋತಾರಂತೆ. ಹೇಳಿ ನಿಮ್ಮ ಸ್ನೇಹಿತರಿಗೆ,” ಎಂದರು ಶೀನಣ್ಣ. “ಸಿಕ್ಹಾಕ್ಕೊಂಡ್ರೆ ಮಾತ್ರ ಜೈಲು.”

ಮುನಿರಾಮಪ್ಪ ಬಸ್ಸು ಹತ್ತಿದ. ಅಂಗಡಿಯವನು ನೋಟನ್ನು ತಿರುಗಿಸಿ ನೋಡಿ, ಡಾಲರಾದರೆ ಮಾತಾಡಬಹುದಿತ್ತು, ಇದನ್ನು ಯಾರಿಗೆ ದಾಟಿಸಲಿ ಎಂದು ವಾಪಸ್ಸು ಕೊಟ್ಟ. ಅಷ್ಟರಲ್ಲಿ ಪೊಲೀಸ್ ಪೇದೆಯೊಬ್ಬ ಒಳಗೆ ಬಂದ. ಪಾಪ, ಅವನು ಬಂದದ್ದು ಒಂದು ಟವೆಲಿಗೆ. ಮುನಿರಾಮಪ್ಪ ಮಾತ್ರ ಗಿರಾಕಿಯಂತೆ ಕಾಣಿಸಿಕೊಳ್ಳುವ ಗಾಬರಿಯಲ್ಲಿ ಕೈಗೆ ಸಿಕ್ಕ ಸೀರೆಯೊಂದಕ್ಕೆ ಅರವತ್ತು ರೂಪಾಯಿ ತೆತ್ತು ಹೊರಬಿದ್ದ. ಸೀರೆಯ ಬಣ್ಣ ಶಕುಂತಲಮ್ಮನಿಗೆ ಹಿಡಿಸಿತು. ನೋಟು ಜೇಬಿನಲ್ಲೇ ಉಳಿಯಿತು.

ಇನ್ನು ದೇವರೇ ಗತಿ. ಸಂಜೆ ರಾಮೋತ್ಸವದ ಪೆಂಡಾಲಿನಲ್ಲಿ ಮಂಗಳಾರತಿ ತಟ್ಟೆ ಎದುರಿಗೆ ಬಂದಾಗ, ನೋಟನ್ನು ಚಿಕ್ಕದಾಗಿ ಮಡಿಸಿ, ಮೇಲೊಂದು ಎಂಟಾಣೆ ಇಟ್ಟು ಜಾರಿಸಿಬಿಟ್ಟ. ಎದೆಯ ಮೇಲಿನ ಒರಳುಕಲ್ಲು ಇಳಿದಂತಾಯಿತು. ಎರಡು ದೊನ್ನೆ ಕೋಸಂಬರಿ ತಿಂದ. ಸಂಗೀತ ಕೇಳಲು ಮಲ್ಲೇಶ್ವರದಿಂದ ಬಂದಿದ್ದ ರಾಮಾನುಜ ಸಾಹೇಬರು ಮುಂದಿನ ಸಾಲಿನಲ್ಲಿ ಕಂಡಾಗ ಧೈರ್ಯವಾಗಿ ನಮಸ್ಕಾರವನ್ನೂ ಮಾಡಿದ. ಮೂರನೇ ದೊನ್ನೆಗೆ ಕೈಹಾಕಿದ.

ಕಛೇರಿಯಲ್ಲಿ ಮೃದಂಗದ ತನಿ ಮುಗಿದೊಡನೆ ಶೀನಣ್ಣ ಮೈಕ್ ಹಿಡಿದು ದಾನಿಗಳ ಹೆಸರು ಓದತೊಡಗಿದರು. ಐದು ರೂಪಾಯಿಯವರು, ಹನ್ನೊಂದು ರೂಪಾಯಿಯವರು ಎಲ್ಲ ಆದರು.

“ಮಹನೀಯರೊಬ್ರು ಹೆಸರು ಹೇಳ್ದೆ ತಟ್ಟೆಗೆ ಹಾಕಿದಾರೆ. ಆದ್ರೆ ನಮ್ಮ ಬೀದಿಯಿಂದ ಜಪಾನಿಗೆ ಹೋಗ್ಬಂದೋರು ಒಬ್ರೇ. ಶ್ರೀ ಮುನಿರಾಮಪ್ಪನೋರು, ಒಂದು ಸಾವಿರ.”

ಚಪ್ಪಾಳೆ ಬಿತ್ತು. ಹನ್ನೊಂದು ರೂಪಾಯಿ ಕೊಟ್ಟವರೆಲ್ಲ ತಿರುಗಿ ಅವನನ್ನೇ ನೋಡಿದರು. ಸಾಹೇಬರೂ ತಿರುಗಿದರು, ಎದ್ದು ನೇರ ಅವನತ್ತ ಬಂದರು. ಬಾಯಲ್ಲಿದ್ದ ಹೆಸರುಬೇಳೆ ಒಳಗೂ ಇಳಿಯದೆ ಹೊರಗೂ ಬಾರದೆ ಮುನಿರಾಮಪ್ಪ ಒದ್ದಾಡಿದ. ಬಡ್ತಿ ಹಾಗಿರಲಿ, ಕೆಲಸವೇ ಹೋಯಿತೆಂದು ಅವನಿಗೆ ಅಳು ಬಂತು.

ಸಾಹೇಬರು ಅವನನ್ನು ಪಾನಕದ ಹಂಡೆಯ ಹಿಂದಕ್ಕೆ ಕರೆದೊಯ್ದರು.

“ಸಾರ್, ಅದು ಕೋಟಿನ ಒಳಜೇಬಲ್ಲಿ...”

“ಅದಿರ್ಲಿ ರೀ. ಹೇಗಿದ್ರೂ ನಿಮ್ಮ ಹೆಸರು ಹೊರಗೆ ಬಿದ್ದಾಯ್ತು.” ಸಾಹೇಬರು ಅತ್ತಿತ್ತ ನೋಡಿ, ಜುಬ್ಬದ ಜೇಬಿನಿಂದ ಹತ್ತು ಸಾವಿರ ಯೆನ್ನಿನ ಎರಡು ನೋಟು ತೆಗೆದು ಅವನ ಕೈಗೆ ತುರುಕಿದರು. “ಮನೇಲಿಡಕ್ಕೂ ಭಯ, ವಾರದಿಂದ ಹೊತ್ಕೊಂಡು ತಿರುಗ್ತಿದೀನಿ. ಇವನ್ನೂ ನೀವೇ ಹಾಕ್ಬಿಡಿ.”

ಮುನಿರಾಮಪ್ಪ ದೇವರ ಮಂಟಪಕ್ಕೆ ಓಡಿದ. ತಟ್ಟೆ ಒಳಗೆ ಹೋಗಿತ್ತು, ಮುಂದಿನ ಮಂಗಳಾರತಿ ನಾಳೆ ಸಂಜೆಗೆ. ಬೆಳಿಗ್ಗೆ ನಲವತ್ತು ರೂಪಾಯಿಯಷ್ಟು ಹೆದರಿದ್ದವನು ಎಂಟುನೂರು ರೂಪಾಯಿಯಷ್ಟು ಹೆದರಿಕೊಂಡು ಮನೆಯ ದಾರಿ ಹಿಡಿದ.