ಎಲೆಯ ಮೇಲೆ ನಿಲ್ಲದ ಪಾಯಸ

ಅಂಟಿಸಿದ್ದು ಅಂಟಿಕೊಂಡಿರಬೇಕು ಎಂದು ನಂಬಿ ಬದುಕಿದ ಮನುಷ್ಯ ಕಂಪ್ಯೂಟರ್ ಮುಂದೆ ಕೂತರೆ ಇಂಥವು ನಡೆಯುತ್ತಲೇ ಇರುತ್ತವೆ. ಕೇಳಿದವರು ನಗುತ್ತಾರೆ, ನಗಲಿ. ನನಗೆ ಮಾತ್ರ ನೆನೆಸಿಕೊಂಡಾಗ ಇವತ್ತಿಗೂ ಸಿಟ್ಟೇ ಬರುತ್ತದೆ.

ನಾನು ಊರು ಬಿಟ್ಟು ತಮಿಳು ಸೀಮೆಗೆ ಬಂದು, ಅಂಬತ್ತೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಪೇಸ್ಟಪ್ ಕೆಲಸ ಮಾಡಿದವನು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಅಕ್ಷರದ ತುಂಡು, ಚಿತ್ರದ ತುಂಡುಗಳನ್ನಿಟ್ಟು, ಅಡಿಕೋಲಿನಿಂದ ಅಳೆದು, ಗೋಂದು ಹಚ್ಚಿ ಪುಟ ಕಟ್ಟುವ ಕೆಲಸ ಅದು. ಲಗ್ನಪತ್ರಿಕೆ, ಕ್ಯಾಲೆಂಡರು, ಹೋಟೆಲಿನ ಮೆನು ಕಾರ್ಡು. ನಾನು ಅಂಟಿಸಿದ ಗಣಪತಿ ಒಂದು ದಿನವೂ ಅತ್ತಿತ್ತ ಸರಿದವನಲ್ಲ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಪ್ರೆಸ್ಸಿನ ಮುದಲಾಳಿ, ಅಂದರೆ ಯಜಮಾನರು, ಕರೆದು ತಮಿಳಿನಲ್ಲಿ ಹೇಳಿದರು:

“ಸಾರ್, ಈಗ ಬಂದವರೆಲ್ಲ ವೆಬ್‌ಸೈಟ್ ಕೇಳ್ತಾರೆ. ಪೊಂಗಲ್ ಆದಮೇಲೆ ಆ ಗಾಜಿನ ಮೇಜು ಎತ್ತಿಸ್ತೀನಿ. ಆ ಜಾಗಕ್ಕೆ ಕಂಪ್ಯೂಟರ್ ಬರುತ್ತೆ. ಅದರ ಮುಂದೆ ನೀವು ಕೂರ್ತೀರೋ ಬೇರೆಯವರು ಕೂರ್ತಾರೋ, ಅದು ನಿಮ್ಮ ಕೈಲಿದೆ.”

ಮಗಳು ಹತ್ತನೇ ಕ್ಲಾಸಿನಲ್ಲಿದ್ದಳು. ಬೇರೆ ಪ್ರೆಸ್ಸುಗಳಲ್ಲಿ ಗಾಜಿನ ಮೇಜುಗಳು ಆಗಲೇ ಮೂಲೆ ಸೇರಿದ್ದವು. ಗೌರಿ ಹಬ್ಬ ಮುಗಿದ ವಾರವೇ ಪೋರೂರಿನ ನಮ್ಮ ಮನೆಯ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಬೆಳಗಿನ ಏಳರ ಬ್ಯಾಚಿಗೆ ಸೇರಿದೆ. ಟೀಚರಮ್ಮನಿಗೆ ಹೆಚ್ಚೆಂದರೆ ಇಪ್ಪತ್ತಮೂರು ವರ್ಷ. ನನ್ನನ್ನು ನೋಡಿ ಎದ್ದು ನಿಂತು, “ಯಾರನ್ನು ಸೇರಿಸಬೇಕು ಅಂಕಲ್, ಮಗನಾ ಮಗಳಾ?” ಎಂದಳು.

“ನನ್ನನ್ನೇ ಸೇರಿಸಬೇಕಮ್ಮ” ಎಂದೆ.

ಕಾಣದ ಗೋಡೆ

ನಮ್ಮ ಹಳ್ಳಿ ಶಾಲೆಯ ಮೇಷ್ಟರು ಹಾಳೆಯ ನೆತ್ತಿಗೆ, ನಟ್ಟನಡುವೆ, ‘ಶ್ರೀ’ ಬರೆಯದವನ ಲೆಕ್ಕವನ್ನು ನೋಡುತ್ತಲೇ ಇರಲಿಲ್ಲ. ಆ ಅಭ್ಯಾಸ ಎಲ್ಲಿ ಹೋಗುತ್ತದೆ? ಮೊದಲನೇ ದಿನ ಖಾಲಿ ಪುಟ ತೆರೆದ ಕೂಡಲೇ ‘ಶ್ರೀ’ ಬರೆಯೋಣವೆಂದರೆ ಆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರವಿಲ್ಲ. ಸರಿ, ಇಂಗ್ಲಿಷಿನಲ್ಲೇ ಬರೆದು, ಅದನ್ನು ನಡುವಿಗೆ ತರಲು ಜಾಗ ಬಿಡುವ ಗುಂಡಿ ಒತ್ತಿದೆ. ಒಂದು ಸಲ ಸರಿಯಿತು. ಎರಡನೇ ಸಲಕ್ಕೆ ನಿಂತುಬಿಟ್ಟಿತು. ನಲವತ್ತು ಸಲ ಒತ್ತಿದೆ. ಅಲ್ಲಾಡಲಿಲ್ಲ.

“ಕೀಬೋರ್ಡ್ ಕೆಟ್ಟಿದೆಯಮ್ಮ.”

“ಕೆಟ್ಟಿಲ್ಲ ಅಂಕಲ್. ನೀವು ಎಷ್ಟು ಜಾಗ ಬಿಟ್ಟರೂ ವೆಬ್ ಪುಟ ಒಂದೇ ಜಾಗ ಅಂತ ತಗೊಳ್ಳುತ್ತೆ.”

ನಾನು ಬಿಟ್ಟ ಜಾಗವನ್ನು ಬೇಡ ಅನ್ನೋದಕ್ಕೆ ಇದು ಯಾರು? ಹಾಗಾದರೆ ನಡುವಿಗೆ ಬರುವುದು ಹೇಗೆ ಎಂದು ಕೇಳಿದೆ. ಟೇಬಲ್ ಹಾಕಬೇಕಂತೆ. ಅಂದರೆ ಪುಟವನ್ನೆಲ್ಲ ಗೆರೆ ಎಳೆದು ಕೋಣೆ ಕೋಣೆ ಮಾಡಿ, ಒಂದೊಂದು ಕೋಣೆಯಲ್ಲಿ ಒಂದೊಂದು ಸಾಮಾನು ಇಡುವುದು. ಇದು ಒಪ್ಪುವ ಮಾತು ಎಂದುಕೊಂಡು ಅಚ್ಚುಕಟ್ಟಾಗಿ ಮೂರು ಸಾಲು, ಮೂರು ಕಂಬ ಹಾಕಿ ತೋರಿಸಿದೆ.

“ಗುಡ್. ಈಗ ಬಾರ್ಡರ್ ಸೊನ್ನೆ ಮಾಡಿ.”

ಸೊನ್ನೆ ಮಾಡಿದೆ. ಗೋಡೆಗಳೆಲ್ಲ ಮಾಯ. ಅಷ್ಟು ಹೊತ್ತು ಕಟ್ಟಿದ್ದು ಕಾಣಬಾರದು ಅಂತಲೇ ಕಟ್ಟಿದ್ದಂತೆ! ಅದಾದ ಮೇಲೆ, ಖಾಲಿ ಕೋಣೆಗಳು ಕುಗ್ಗಿ ಮುದುಡದಿರಲಿ ಎಂದು ಅವುಗಳೊಳಗೆ ಒಂದೊಂದು ಚಿತ್ರ ಇಡಿಸಿದಳು. ಆ ಚಿತ್ರಕ್ಕೆ ಬಣ್ಣವಿಲ್ಲ, ರೂಪವಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಇಲ್ಲದ ಚಿತ್ರವನ್ನು ಕಾಣದ ಕೋಣೆಯೊಳಗೆ ಸರಿಯಾಗಿ ಇಟ್ಟಿಲ್ಲವೆಂದು ಆ ದಿನ ಮೂರು ಸಲ ಬೈಸಿಕೊಂಡೆ.

ಮನೆಗೆ ಬಂದು ಉರಿದುಕೊಂಡು ಇದನ್ನೆಲ್ಲ ಹೇಳಿದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಮನೆಯವಳು ಸೌಟು ಹಿಡಿದುಕೊಂಡೇ ತಿರುಗಿದಳು.

“ಏನ್ರೀ, ಕಾಣೋದೆಲ್ಲ ನಿಜ ಅಲ್ಲ, ಕಾಣದ್ದೇ ಎಲ್ಲಾನೂ ಹಿಡಿದು ನಿಲ್ಲಿಸಿರೋದು, ಅದಕ್ಕೆ ರೂಪ ಇಲ್ಲ, ಬಣ್ಣ ಇಲ್ಲ... ಇದನ್ನ ಮಠದಲ್ಲಿ ಸ್ವಾಮಿಗಳು ವರ್ಷಾ ವರ್ಷಾ ಪುಕ್ಕಟೆ ಹೇಳ್ತಾರಲ್ರೀ. ಅದಕ್ಕೆ ನೀವು ಫೀಸ್ ಬೇರೆ ಕಟ್ಟಿ ಬಂದ್ರಾ?”

ಬೊಟ್ಟು

ಆಯುಧಪೂಜೆ ಬಂತು. ಬ್ಯಾಚಿನಲ್ಲಿ ವಯಸ್ಸಾದವನು ನಾನೊಬ್ಬನೇ ಆದ್ದರಿಂದ, “ಅಂಕಲ್, ಪೂಜೆ ನೀವೇ ಮಾಡಿಬಿಡಿ” ಎಂದರು. ಮಡಿ ಪಂಚೆ ಉಟ್ಟು ಹೋಗಿ, ನಾವು ಕೂರುವ ಹನ್ನೊಂದು ಕಂಪ್ಯೂಟರಿಗೂ ಮಾನಿಟರಿನ ನೆತ್ತಿಯ ಚೌಕಟ್ಟಿನ ಮೇಲೆ ಗಂಧ, ಅದರ ಮೇಲೆ ಕುಂಕುಮ ಇಟ್ಟು ಮಂಗಳಾರತಿ ಮಾಡಿದೆ. ಗಂಧ ಚೆನ್ನಾಗಿ ತೇಯ್ದಿದ್ದೆ. ಒಣಗಿ ಸಿಮೆಂಟಿನ ಹಾಗೆ ಕೂತಿತು.

ಮಾರನೇ ವಾರ ಲೇಯರ್ ಪಾಠ. ಲೇಯರ್ ಎಂದರೆ ಗೆರೆಯಿಲ್ಲ, ಕೋಣೆಯಿಲ್ಲ, ಚಿತ್ರವನ್ನು ಮೌಸಿನಿಂದ ಎಳೆದುಕೊಂಡು ಹೋಗಿ ಬೇಕಾದಲ್ಲಿ ಇಡುವುದು. ನನ್ನ ಗೋಂದಿನ ಕೆಲಸದಂತೆಯೇ! ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಡಿಕೋಲು ಎಲ್ಲಿ ಎಂದು ಹುಡುಕಬೇಕಾಗಿಯೂ ಇರಲಿಲ್ಲ. ಮಾನಿಟರಿನ ನೆತ್ತಿಯ ಮೇಲೆ ದೇವರೇ ನಡುವನ್ನು ಗುರುತು ಹಾಕಿ ಕೊಟ್ಟಿದ್ದ. ಬೊಟ್ಟಿಗೆ ನೇರವಾಗಿ ಎಲ್ಲವನ್ನೂ ಇಟ್ಟೆ. ಪಕ್ಕದವರು ನೋಡಿ, “ಒಳ್ಳೇ ಐಡಿಯಾ ಅಂಕಲ್” ಎಂದು ತಾವೂ ಹಾಗೇ ಮಾಡಿದರು. ಅವರ ಪಕ್ಕದವರೂ ಮಾಡಿದರು.

ತಿಂಗಳ ಪರೀಕ್ಷೆಯಲ್ಲಿ ಟೀಚರಮ್ಮ ಎಲ್ಲರ ಪುಟವನ್ನೂ ತನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಇಡೀ ಬ್ಯಾಚಿನ ಪುಟಗಳು ಎಡಕ್ಕೆ ವಾಲಿದ್ದವು. ಒಬ್ಬರದನ್ನೊಬ್ಬರು ನೋಡಿ ಬರೆದಿದ್ದೀರಿ ಎಂದು ಹನ್ನೊಂದು ಜನಕ್ಕೂ ಸೊನ್ನೆ ಹಾಕಿದಳು. ನಾನು ಎದ್ದು ನಿಂತೆ.

“ಯಾರೂ ಯಾರದನ್ನೂ ನೋಡಿಲ್ಲಮ್ಮ. ಎಲ್ಲರೂ ದೇವರ ಬೊಟ್ಟು ನೋಡಿ ಇಟ್ಟಿದ್ದೀವಿ. ನಿಮ್ಮ ಕಂಪ್ಯೂಟರೇ ಸೊಟ್ಟ.”

ಅವಳು ಅಡಿಕೋಲು ತಂದು ಒಂದೊಂದು ಮಾನಿಟರನ್ನೂ ಅಳೆದಳು. ಕುರ್ಚಿಗಳ ಸಂದಿಯಿಂದ ಕೈಚಾಚಿ ಇಟ್ಟಿದ್ದ ಬೊಟ್ಟು ಹನ್ನೊಂದರಲ್ಲೂ ಎರಡೆರಡು ಬೆರಳು ಎಡಕ್ಕಿತ್ತು. ಕೊನೆಗೆ ಟೀಚರಮ್ಮ ಪೂಜಾ ಸಾಮಾನಿನ ಪಟ್ಟಿ ತೆಗೆಸಿದಳು. ಅರಿಶಿನ, ಕುಂಕುಮ, ಹೂವು, ಬೂದುಗುಂಬಳ, ಕರ್ಪೂರ ಎಂದಿದ್ದ ಪಟ್ಟಿಯ ಕೆಳಗೆ ಮುಂದಿನ ವರ್ಷಕ್ಕೆಂದು ಒಂದು ಹೊಸ ಸಾಮಾನು ಸೇರಿಸಿದಳು: ‘ಸ್ಕೇಲು, ಒಂದು.’

ಕಿಂಡಿಯಲ್ಲಿ ದೇವರು

ಇನ್ನೊಂದು ವಿದ್ಯೆ ಫ್ರೇಮು. ಪುಟವನ್ನೇ ಮೂರು ಹೋಳು ಮಾಡಿ, ಒಂದೊಂದು ಹೋಳಿನಲ್ಲಿ ಒಂದೊಂದು ಪುಟ ತೋರಿಸುವುದು. ಎಡಗಡೆಯ ಸಣ್ಣ ಹೋಳಿನಲ್ಲಿ ಹೆಸರು ಒತ್ತಿದರೆ ಬಲಗಡೆಯ ದೊಡ್ಡ ಹೋಳಿನಲ್ಲಿ ಚಿತ್ರ ಬರಬೇಕು. ನಮ್ಮ ಮನೆದೇವರ ಆಳೆತ್ತರದ ಚಿತ್ರ ಹಾಕಿ, ಮನೆಯವರನ್ನು ಕ್ಲಾಸಿಗೇ ಕರೆದುಕೊಂಡು ಹೋಗಿ ತೋರಿಸಿದೆ. ಭಕ್ತಿಯಿಂದ ಹೆಸರು ಒತ್ತಿದೆ. ದೇವರು ದೊಡ್ಡ ಹೋಳಿಗೆ ಬರಲಿಲ್ಲ. ಎಡಗಡೆಯ ನಾಲ್ಕು ಬೆರಳಗಲದ ಕಿಂಡಿಯಲ್ಲೇ ಬಂದು ನಿಂತ. ಕಿರೀಟದ ತುದಿ ಮಾತ್ರ ಕಾಣುತ್ತಿತ್ತು. ಮುಖ ನೋಡಲು ಕೆಳಗೆ ತಳ್ಳಬೇಕು, ಶಂಖ ನೋಡಲು ಪಕ್ಕಕ್ಕೆ ತಳ್ಳಬೇಕು. ಎಲ್ಲಿ ತೆರೆಯಬೇಕು ಎಂಬುದನ್ನು ನಾನು ಹೇಳಿಲ್ಲವಂತೆ. ಅಷ್ಟು ದೊಡ್ಡ ಜಾಗ ಖಾಲಿ ಬಿದ್ದಿರುವಾಗ ದೇವರನ್ನು ಕಿಂಡಿಗೆ ತುರುಕಬಾರದು ಎಂದು ಬಿಡಿಸಿ ಹೇಳಬೇಕಾ?

ನಾನು ಕುದಿಯುತ್ತಿದ್ದರೆ, ತಮಿಳು ಬಿಟ್ಟು ಬೇರೆ ಮಾತಾಡದ ಮಗಳು ಅಂದು ಮಾತ್ರ ಕನ್ನಡದಲ್ಲೇ ಸಮಾಧಾನ ಹೇಳಿದಳು: “ಪರವಾಯಿಲ್ಲೆ ಪಾ. ಕೋವಿಲ್... ದೇವಸ್ಥಾನದಲ್ಲಿ ಕ್ಯೂ ನಿಂತರೂ ಇಷ್ಟೇ ಅಲ್ವಾ ಕಾಣೋದು? ಇಲ್ಲಿ ಯಾರೂ ಹಿಂದಿಂದ ತಳ್ಳೋದಿಲ್ಲ, ನಾವೇ ತಳ್ಕೋಬಹುದು.”

ಎಲೆ

ಪೊಂಗಲಿಗೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಮುದಲಾಳಿ ಕರೆದರು. ನಮ್ಮ ಹಳೇ ಗಿರಾಕಿಯೊಬ್ಬರಿದ್ದರು, ಕುಂದಾಪುರದ ಕಡೆಯಿಂದ ಬಂದು ನಲವತ್ತು ವರ್ಷದಿಂದ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದವರು. ಶೋಳಿಂಗನಲ್ಲೂರಿನ ಕಂಪ್ಯೂಟರ್ ಆಫೀಸುಗಳ ಪಕ್ಕ ಹೊಸ ಶಾಖೆ ತೆರೆಯುವವರಿದ್ದರು. ಅವರಿಗೊಂದು ವೆಬ್ ಪುಟ ಬೇಕಿತ್ತು.

“ಅವರು ಒಪ್ಪಿದರೆ ಕುರ್ಚಿ ನಿಮ್ಮದು” ಎಂದರು ಮುದಲಾಳಿ. ಒಪ್ಪದಿದ್ದರೆ ಏನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಸ್ನಾನ, ಸಂಧ್ಯಾವಂದನೆ ಮುಗಿಸಿ ಯೋಚಿಸಿದೆ. ಊಟದ ಹೋಟೆಲಿಗೆ ಬಾಳೆ ಎಲೆಗಿಂತ ಒಳ್ಳೆಯ ಪುಟ ಯಾವುದಿದೆ? ತುದಿ ಎಡಕ್ಕೆ. ಮೇಲೆ ಎಡದ ಕೊನೆಗೆ ಉಪ್ಪು, ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ನಡುವೆ ಅನ್ನ. ಕೆಳಗೆ ಬಲದ ಮೂಲೆಯಲ್ಲಿ ಪಾಯಸ. ಒಂದೊಂದನ್ನು ಒತ್ತಿದರೆ ಒಂದೊಂದು ವಿವರ ಬರುವ ಹಾಗೆ.

“ಟೇಬಲ್‌ನಲ್ಲಿ ಮಾಡಿ ಅಂಕಲ್” ಎಂದಳು ಟೀಚರಮ್ಮ. ನಾನು ಕೇಳಲಿಲ್ಲ. ಎಲೆಯನ್ನು ಪುಟದ ನಡುವೆ ಹರಡಿ, ಲೇಯರುಗಳಲ್ಲಿ ಒಂದೊಂದನ್ನೇ ಕೈಯಾರೆ ಬಡಿಸಿದೆ. ಕ್ಲಾಸಿನಲ್ಲಿ ನೋಡಿದವರಿಗೆಲ್ಲ ಹಸಿವಾಯಿತು.

ಪುಟವನ್ನು ಹೋಟೆಲಿಗೆ ಕಳಿಸಿದ ಮರುದಿನವೇ ಅಲ್ಲಿಂದ ಫೋನು.

“ಎಂತ ಮಾರಾಯ್ರೆ ಇದು? ಪಾಯಸ ನೆಲಕ್ಕೆ ಬಡಿಸಿದ್ದೀರಲ್ಲ! ನಲವತ್ತು ವರ್ಷದಲ್ಲಿ ನಮ್ಮಲ್ಲಿ ಒಂದು ಹನಿ ಹೊರಗೆ ಬಿದ್ದದ್ದಿಲ್ಲ!”

ಓಡಿಹೋಗಿ ನೋಡಿದೆ. ಅವರ ಕಂಪ್ಯೂಟರಿನ ಪರದೆ ಚಿಕ್ಕದು. ನಡುವೆ ಹರಡಿದ ಎಲೆ ಅದಕ್ಕೆ ತಕ್ಕಂತೆ ಎಡಕ್ಕೆ ಸರಿದಿತ್ತು. ನಾನು ಬಡಿಸಿದ್ದು ಮಾತ್ರ ಇದ್ದಲ್ಲೇ ಇತ್ತು. ಉಪ್ಪು ಬಂದು ಎಲೆಯ ನಡುವೆ ಕೂತಿತ್ತು, ಅನ್ನ ಅಂಚಿನಲ್ಲಿ ಜೋತಾಡುತ್ತಿತ್ತು, ಪಾಯಸ ನೆಲದ ಮೇಲಿತ್ತು. ಎಲೆಗೆ ಹೋಗುವ ಬುದ್ಧಿ ಬಂದಮೇಲೆ ಪಾಯಸಕ್ಕೆ ಜೊತೆಗೆ ಹೋಗುವ ಬುದ್ಧಿ ಬೇಡವೇ?

ತಲೆ ತಗ್ಗಿಸಿಕೊಂಡು ಟೀಚರಮ್ಮನ ಹತ್ತಿರ ಹೋದೆ. ಅವಳು ‘ಆಗಲೇ ಹೇಳಿದ್ದೆ’ ಅನ್ನಲಿಲ್ಲ. ಆ ಒಳ್ಳೆಯತನಕ್ಕೆ ಅವಳಿಗೆ ದೇವರು ಒಳ್ಳೆಯದು ಮಾಡಲಿ. ಎಲೆಯನ್ನು ಹೋಳು ಹೋಳು ಮಾಡಿ ಕೋಣೆ ಕೋಣೆಗೆ ಹಾಕಿ, ಬಾರ್ಡರ್ ಸೊನ್ನೆ ಮಾಡಿ, ಕುಗ್ಗುವ ಕಡೆಯಲ್ಲೆಲ್ಲ ಆ ಇಲ್ಲದ ಚಿತ್ರಗಳನ್ನು ತುಂಬಿ ಮೂರು ದಿನ ಕೂತು ಕಟ್ಟಿದೆ. ಕ್ಲಾಸಿನ ಹನ್ನೊಂದು ಕಂಪ್ಯೂಟರಿನಲ್ಲೂ ತೆರೆದು ನೋಡಿದೆವು. ಪಾಯಸ ಅಲ್ಲಾಡಲಿಲ್ಲ. ಅಂಟಿಸಿದ್ದು ಅಂಟಿಕೊಂಡಿತು. ಕಾಣದ ಗೋಡೆಗೆ ಮನಸ್ಸಿನಲ್ಲೇ ಕೈಮುಗಿದೆ.

ಭೋಗಿ ಹಬ್ಬದ ಹಿಂದಿನ ದಿನ ಹೋಟೆಲಿನವರೇ ಪ್ರೆಸ್ಸಿಗೆ ಬಂದರು. ಮುದಲಾಳಿಯ ಮೇಜಿನ ಮೇಲಿದ್ದ ಲೆಕ್ಕದ ಕಂಪ್ಯೂಟರಿನಲ್ಲಿ ಪುಟ ತೆರೆದಿಟ್ಟೆ. ಮುದಲಾಳಿ ಒಂದು ಕಡೆ ನಿಂತರು, ನಾನು ಇನ್ನೊಂದು ಕಡೆ. ಹೋಟೆಲಿನವರು ನಡುವೆ ಕೂತು ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ಒರೆಸಿ ಮತ್ತೆ ನೋಡಿದರು.

“ಎಲೆ ತಿರುಗಾಮುರುಗಾ ಉಂಟಲ್ಲ?”

“ಇಲ್ಲ ಸ್ವಾಮಿ. ತುದಿ ಎಡಕ್ಕೇ ಇದೆ.”

“ತುದಿ ಬಲಕ್ಕೆ ಬರಬೇಕು. ಉಪ್ಪು ನನ್ನ ಹತ್ತಿರ, ಬಲಗೈಗೆ ಇರಬೇಕು. ಪಾಯಸ ಅತ್ತ ದೂರದಲ್ಲಿ. ಹದಿನಾಲ್ಕನೇ ವಯಸ್ಸಿನಿಂದ ಬಡಿಸಿದ ಕೈ ಇದು. ನನಗೆ ಎಲೆ ಹೇಳಿಕೊಡ್ತೀರಾ?”

ಆಗ ನನಗೆ ಹೊಳೆಯಿತು. ಈ ಮಹಾನುಭಾವರು ಜೀವಮಾನವೆಲ್ಲ ಎಲೆಯ ಆಚೆ ನಿಂತು ಬಡಿಸಿದವರು. ನಾನು ಈಚೆ ಕೂತು ಉಂಡವನು.

“ಸ್ವಾಮಿ, ಕಂಪ್ಯೂಟರ್ ಮುಂದೆ ಕೂತವರು ಉಣ್ಣುವವರಲ್ಲವೇ?”

“ಪುಟ ಯಾರದು? ಹೋಟೆಲಿನದು. ಹೋಟೆಲಿನವನು ಉಣ್ಣುತ್ತಾನಾ, ಬಡಿಸುತ್ತಾನಾ?”

ಕನ್ನಡ ಬಾರದ ಮುದಲಾಳಿ ನನ್ನ ಮುಖ ನೋಡುತ್ತಿದ್ದರು. ನಾಲ್ಕು ತಿಂಗಳ ವಿದ್ಯೆ, ಮಗಳ ಓದು, ನನ್ನ ಕುರ್ಚಿ, ಎಲ್ಲವೂ ಆ ಎಲೆಯ ತುದಿಯಲ್ಲಿತ್ತು. ಸಿಟ್ಟು ನೆತ್ತಿಗೇರಿತು. “ಹಾಗಾದರೆ ತಾವು ಬಡಿಸುವ ಕಡೆಯೇ ನಿಂತು ನೋಡಿ, ಸ್ವಾಮಿ!” ಎಂದುಬಿಟ್ಟೆ.

ಆಡಬಾರದ್ದನ್ನು ಆಡಿದೆ ಎಂದು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವರು ಎದ್ದರು. ಪಂಚೆ ಎತ್ತಿ ಕಟ್ಟಿದರು. ಮೇಜನ್ನು ಬಳಸಿ, ಗೋಡೆ ಮತ್ತು ಮೇಜಿನ ಸಂದಿಯಲ್ಲಿ ಉಸಿರು ಬಿಗಿಹಿಡಿದು ತೂರಿ, ಮಾನಿಟರಿನ ಬೆನ್ನ ಹಿಂದೆ ನಿಂತರು. ಎಡಗೈ ಬೆನ್ನಿಗಿಟ್ಟು ಸೊಂಟ ಬಗ್ಗಿಸಿ, ಪಂಕ್ತಿಯಲ್ಲಿ ಬಡಿಸುವವರ ಹಾಗೆಯೇ ಮಾನಿಟರಿನ ನೆತ್ತಿಯ ಮೇಲಿಂದ ತಲೆ ಕೆಳಗೆ ಚಾಚಿ, ಪುಟವನ್ನು ತಲೆಕೆಳಗಾಗಿ ನೋಡಿದರು. ಬಲಗೈ ತಾನಾಗಿ ಉಪ್ಪಿನ ಮೇಲೆ ಹೋಯಿತು. ಅಲ್ಲಿಂದ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಕೊನೆಗೆ ಪಾಯಸ ಮುಟ್ಟಿತು.

“ಹಾಂ!” ಎಂದರು, ಅಲ್ಲಿಂದಲೇ. “ಈಗ ಸರಿ ಉಂಟು. ಇದನ್ನೇ ಹಾಕಿ.”

ಒಂದು ಚುಕ್ಕೆಯನ್ನೂ ನಾನು ಬದಲಾಯಿಸಲಿಲ್ಲ.

ಪೊಂಗಲ್ ಆದಮೇಲೆ ಗಾಜಿನ ಮೇಜು ಹೋಯಿತು, ಕಂಪ್ಯೂಟರ್ ಬಂತು, ಅದರ ಮುಂದೆ ನಾನು ಕೂತೆ. ಬಡಗಿ ಕಂಪ್ಯೂಟರಿನ ಮೇಜನ್ನು ಗೋಡೆಗೆ ಒತ್ತಿ ಜೋಡಿಸುತ್ತಿದ್ದಾಗ ಮುದಲಾಳಿ ಓಡಿಬಂದು ತಡೆದರು.

“ಗೋಡೆಯಿಂದ ಮೂರಡಿ ಬಿಡಪ್ಪಾ! ಹೋಟೆಲಿನ ಅಯ್ಯರು ಮುಂದಿನ ತಿಂಗಳು ಇನ್ನೊಂದು ಪುಟ ನೋಡೋದಕ್ಕೆ ಬರ್ತಾರೆ.”