ಬರೆದು ಕೊಡಿ ಎನ್ನುವ ಮೊಮ್ಮಗಳು

ನನ್ನ ಮೊಮ್ಮಗಳಿಗೆ ವೀಸಾ ಬಂತು! ಇವತ್ತು ಬೆಳಿಗ್ಗೆ ನಾನು ಬೂತಾಯಿಯ ತಲೆ ತೆಗೆಯುತ್ತಿದ್ದೆ. ಅವಳು ಪಾಸ್‌ಪೋರ್ಟನ್ನು ಬಾವುಟದ ಹಾಗೆ ಬೀಸುತ್ತಾ ಅಡುಗೆಮನೆಗೆ ನುಗ್ಗಿದಳು. ಇನ್ನು ಮೂರು ವಾರಕ್ಕೆ ಜರ್ಮನಿ! ಮೀನಿನ ಕೈಯಲ್ಲೇ ಅಪ್ಪಿಕೊಂಡೆ. ಪಾಸ್‌ಪೋರ್ಟಿಗೆ ಬೂತಾಯಿಯ ವಾಸನೆ ಹತ್ತಿದರೆ ಅಲ್ಲಿನವರು ಒಳಗೆ ಬಿಡುತ್ತಾರೋ ಇಲ್ಲವೋ, ಅದು ಮುಂದಿನ ಚಿಂತೆ.

ನನ್ನ ಚಿಂತೆ ಜರ್ಮನಿಯವರ ಬಗ್ಗೆಯೇ. ಪಾಪ, ಎಂಥವಳನ್ನು ಕರೆಸಿಕೊಳ್ಳುತ್ತಿದ್ದೇವೆಂದು ಅವರಿಗೆ ಗೊತ್ತಿಲ್ಲ! ಈ ಹುಡುಗಿ ಯಾವುದನ್ನೂ ಬರೀ ಬಾಯಿಮಾತಿಗೆ ನಂಬುವವಳಲ್ಲ. ನಾಳೆ ಸೂರ್ಯ ಹುಟ್ಟುತ್ತಾನೆಂದರೆ, ಹಾಗಂತ ಬರೆದು ಕೊಡಿ ಎನ್ನುವ ಜಾತಿ.

ಎಂಟು ವರ್ಷದವಳಿದ್ದಾಗಲೇ ನನ್ನಿಂದ ಕರಾರು ಬರೆಸಿಕೊಂಡಿದ್ದಳು. ‘ಅಜ್ಜಿ ದಿನಕ್ಕೊಂದು ಕಥೆ ಹೇಳುವುದು. ಹಳೆಯದನ್ನೇ ಹೊಸದೆಂದು ಹೇಳಬಾರದು. ತಪ್ಪಿದರೆ ಎರಡು ಕಥೆ.’ ನಾನು ಓದಿದ್ದು ನಾಲ್ಕನೇ ಕ್ಲಾಸು. ನಾಲಗೆ ಹಲ್ಲಿನ ನಡುವೆ ಇಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದೆ. ಮೂರನೇ ದಿನ ಹಳೆಯ ನರಿಗೆ ಹೊಸ ಬಾಲ ಅಂಟಿಸಿ ಹೇಳಿದೆ, ಸಿಕ್ಕಿಬಿದ್ದೆ!

ಇಲ್ಲಿ ಗಲ್ಫಿನಲ್ಲಿ, ಅಬು ಹಲೀಫಾದ ನಮ್ಮ ಕಟ್ಟಡದ ಕೆಳಗೆ ಮಲಯಾಳಿ ಅಂಗಡಿಯವನೊಬ್ಬ ಇದ್ದಾನೆ. ಅವನ ಅಂಗಡಿಯಲ್ಲಿ ಇವಳು ಮಜ್ಜಿಗೆಯ ಬಾಟಲಿಯ ಮೇಲಿರುವುದನ್ನೆಲ್ಲ ಓದದೆ ತಂದವಳಲ್ಲ. ಒಮ್ಮೆ ಹಿಂದೆ ನಿಂತ ಜನರ ಸಾಲು ಬಾಗಿಲಿನಾಚೆಗೂ ಬೆಳೆದಾಗ ಅವನು ನನಗೆ ಕೈಮುಗಿದ.

“ಅಮ್ಮಾ, ಮುಂದಿನ ಸಲ ನೀವೊಬ್ಬರೇ ಬನ್ನಿ. ಮಜ್ಜಿಗೆ ಫ್ರೀಯಾಗಿ ಕೊಡ್ತೇನೆ!”

“ಹಾಗಂತ ಬರೆದು ಕೊಡಿ ಭಾಯಿ,” ಎಂದಳು ಇವಳು.

ಇಂಥವಳು ಹೋದ ವರ್ಷ ಸಂಜೆಯ ಹೊತ್ತು ಜರ್ಮನ್ ಕಲಿಯಲು ಶುರುಮಾಡಿದಳು. ಪರೀಕ್ಷೆಯೂ ಪಾಸಾದಳು. ಒಂದು ದಿನ ಊಟದ ಮಧ್ಯೆ ವಿಷಯ ತೆಗೆದಳು. ಓ ಪೇರ್ ಎಂದು ಹೋಗುವುದಂತೆ. ಒಂದು ವರ್ಷ ಅಲ್ಲಿನ ಒಂದು ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವುದು, ಬಿಡುವಿನಲ್ಲಿ ಅವರ ಭಾಷೆ ಕಲಿಯುವುದು. ಊಟ, ಕೋಣೆ, ಕೈಖರ್ಚು ಅವರದ್ದೇ.

ನನ್ನ ಮಗ, ಅಂದರೆ ಇವಳ ಅಪ್ಪ, ಮೀನಾ ಅಬ್ದುಲ್ಲಾ ಎಂಬಲ್ಲಿನ ತೈಲ ರಿಫೈನರಿಯಲ್ಲಿ ಬೆಂಕಿಯ ಹತ್ತಿರವೇ ಕೆಲಸ ಮಾಡುವವನು, ಸುಲಭಕ್ಕೆ ಬಿಸಿಯಾಗುವುದಿಲ್ಲ. ಅವತ್ತು ಆದ.

“ಮಕ್ಕಳನ್ನು ನೋಡುವ ಕೆಲಸವಾ? ನನ್ನ ಅಮ್ಮ ಸಲ್ವಾದಲ್ಲಿ ಹನ್ನೊಂದು ವರ್ಷ ಬೇರೆಯವರ ಮಕ್ಕಳ ಮೂಗು ಒರೆಸಿದ್ದು ಸಾಲದಾ? ಅದಕ್ಕಾ ನಿನ್ನನ್ನು ಓದಿಸಿದ್ದು? ಖಲಾಸ್. ಇನ್ನು ಈ ಮಾತು ಬೇಡ.”

 ಅವನು ಹೇಳಿದ್ದು ಸುಳ್ಳಲ್ಲ. ಗಲ್ಫ್ ಯುದ್ಧ ಮುಗಿದ ಮೇಲೆ ನಾನು ಇಲ್ಲಿನ ಸಲ್ವಾದ ದೊಡ್ಡ ಮನೆಯೊಂದಕ್ಕೆ ಆಯಾ ಆಗಿ ಬಂದಾಗ ಇವನಿಗೆ ಒಂಬತ್ತು ವರ್ಷ. ಊರಲ್ಲಿ ಅಕ್ಕನ ಮನೆಯಲ್ಲಿ ಬಿಟ್ಟಿದ್ದೆ. ಇವನಿಗೆ ಜ್ವರ ಬಂದ ಸುದ್ದಿ ಕಾಗದದಲ್ಲಿ ಬರುವ ಹೊತ್ತಿಗೆ ಜ್ವರ ಬಿಟ್ಟು ಇವನು ಶಾಲೆಗೆ ಹೋಗುತ್ತಿದ್ದ. ಸಲ್ವಾದವರು ಕೆಟ್ಟವರಲ್ಲ. ಅಲ್ಲಿನ ನಾಲ್ಕು ಮಕ್ಕಳು ನನ್ನ ಕೈಯಿಂದಲೇ ಉಣ್ಣುತ್ತಿದ್ದವು. ಆದರೆ ನನ್ನ ತಟ್ಟೆ ಅಡುಗೆಮನೆಯಲ್ಲಿ, ಎಲ್ಲರದ್ದೂ ಮುಗಿದ ಮೇಲೆ. ಆ ಅಭ್ಯಾಸ ಬಿಡಲೇ ಇಲ್ಲ. ಈಗ ಮಗನ ಮನೆಯಲ್ಲಿದ್ದೇನೆ. ಮಗ, ಸೊಸೆ, ಮೊಮ್ಮಗಳದ್ದು ಆದ ಮೇಲೆ ಅಡುಗೆಮನೆಯ ಸಣ್ಣ ಸ್ಟೂಲಿನ ಮೇಲೆ ಕೂತು ಉಣ್ಣುತ್ತೇನೆ. ಮೇಜಿಗೆ ನಾಲ್ಕು ಕುರ್ಚಿಗಳಿವೆ. ನಾಲ್ಕನೆಯದರ ಮೇಲೆ ಇಸ್ತ್ರಿಯಾಗದ ಬಟ್ಟೆಯ ರಾಶಿ ಇರುತ್ತದೆ. ಕರೆದೂ ಕರೆದೂ ಅವರಿಗೇ ಸಾಕಾಗಿತ್ತು.

ಮೊಮ್ಮಗಳು ಅಪ್ಪನ ಖಲಾಸನ್ನು ಒಪ್ಪಲಿಲ್ಲ. ಅದನ್ನು ಅವನು ಬರೆದು ಕೊಟ್ಟಿರಲಿಲ್ಲವಲ್ಲ! ನಾನು ಮಗನಿಗೆ ಗೊತ್ತಾಗದ ಹಾಗೆ ಅವಳಿಗೆ ಪಾಠ ಹೇಳತೊಡಗಿದೆ.

“ಮನೆಯ ಅಮ್ಮ ಬಂದರೆ ಎದ್ದು ನಿಲ್ಲಬೇಕು. ಅವರ ಸೋಫಾದಲ್ಲಿ ಕೂರಬಾರದು.”

“ಅಜ್ಜಿ, ರಿಲ್ಯಾಕ್ಸ್! ಅದೆಲ್ಲ ಅಲ್ಲಿಲ್ಲ.”

“ನಿನಗೆ ಗೊತ್ತುಂಟಾ? ಬೇರೆಯವರ ಮನೆಗೆ ಕೆಲಸಕ್ಕೆ ಹೋಗಿದ್ದು ನೀನಾ, ನಾನಾ?”

“ಓಕೆ. ಸಲ್ವಾದಲ್ಲಿ ನೀವು ಎಲ್ಲಿ ಕೂತು ಊಟ ಮಾಡ್ತಿದ್ರಿ?”

ಹೇಳಿದೆ. ಅವಳು ನಗಲಿಲ್ಲ, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು.

ಒಂದು ಶುಕ್ರವಾರ ಆ ಜರ್ಮನ್ ಕುಟುಂಬ ಕಂಪ್ಯೂಟರಿನಲ್ಲಿ ಬಂತು. ಅಪ್ಪ, ಅಮ್ಮ, ಒಬ್ಬ ಹುಡುಗ, ಒಂದು ಪುಟ್ಟಿ. ನಾನು ಪರದೆಗೆ ಕಾಣಿಸದ ಹಾಗೆ ಪಕ್ಕದಲ್ಲಿ ಕೂತೆ. ಅವರು ಇವಳನ್ನು ಕೇಳಿದ್ದು ಮೂರು ಪ್ರಶ್ನೆ. ಇವಳ ಪಟ್ಟಿಯಲ್ಲಿದ್ದದ್ದು ಹತ್ತೊಂಬತ್ತು! ಯಾರು ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದಾರೆಂದೇ ಗೊತ್ತಾಗುತ್ತಿರಲಿಲ್ಲ. ಮೊದಲನೇ ಪ್ರಶ್ನೆ ಕೇಳಿದಾಗ ಆ ಅಮ್ಮನಿಗೆ ಅರ್ಥವೇ ಆಗಲಿಲ್ಲ. ಇವಳು ಮತ್ತೊಮ್ಮೆ ಬಿಡಿಸಿ ಕೇಳಿದಳು. ಆಗ ಅವರ ಹುಡುಗ ಎದ್ದು ಹೋಗಿ, ಹಿಂದೆ ಕಾಣುತ್ತಿದ್ದ ಊಟದ ಮೇಜಿನಿಂದ ಒಂದು ಕುರ್ಚಿ ಎಳೆದು, ಅದನ್ನು ಪಟಪಟ ತಟ್ಟಿ ತೋರಿಸಿದ.

“ಎಂತ ಕೇಳಿದ್ದು ಮಾರಾಯ್ತಿ?” ಎಂದು ಪಿಸುಗುಟ್ಟಿದೆ.

“ನಾನು ಎಲ್ಲಿ ಊಟ ಮಾಡುದು ಅಂತ. ಅವರ ಜೊತೆಗೇ ಅಂತೆ. ಓ ಪೇರ್ ಅಂದ್ರೆ ಮನೆಯವರ ಹಾಗೇ ಅಂತೆ.” ಆಮೇಲೆ ಪರದೆಯ ಕಡೆ ತಿರುಗಿ, ಅದು ಕರಾರಿನಲ್ಲಿದೆಯೇ, ಎಷ್ಟನೇ ಪುಟ ಎಂದು ಕೇಳಿದಳು!

ಹಿಂದೆ ಸದ್ದಾಯಿತು. ಮಗ ಶಿಫ್ಟ್ ಮುಗಿಸಿ ಬಂದು, ಊಟದ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ! ಬೂಟು ಬಿಚ್ಚಿಟ್ಟು ಒಳಗೆ ಹೋದ. ಮಾರನೇ ದಿನ ಚಾ ಕುಡಿಯುತ್ತಾ ಮಗಳ ಮುಖ ನೋಡದೆ, “ವೀಸಾಕ್ಕೆ ಫೋಟೋ ಯಾವ ಸೈಜಿನದ್ದು ಬೇಕಂತೆ?” ಎಂದ. ನಮ್ಮ ಮನೆಯಲ್ಲಿ ಅಪ್ಪನ ಒಪ್ಪಿಗೆ ಎಂದರೆ ಅದೇ.

ಇವತ್ತು ಸಂಜೆ ನೀರ್‌ದೋಸೆ, ಬೂತಾಯಿ ಗಸಿ. ನಾನು ಮೂರು ತಟ್ಟೆ ಇಟ್ಟು ಅಡುಗೆಮನೆಗೆ ತಿರುಗಿದೆ. ಮೊಮ್ಮಗಳು ದಾರಿಗೆ ಅಡ್ಡ ನಿಂತಳು. ಕೈಯಲ್ಲಿ ಕಾಗದ, ಪೆನ್ನು.

“ಸಹಿ ಹಾಕಿ ಅಜ್ಜಿ.”

ನಿಧಾನಕ್ಕೆ ಓದಿದೆ. ‘ಅಜ್ಜಿ ಇನ್ನು ಮುಂದೆ ಎಲ್ಲರ ಜೊತೆ ಮೇಜಿನ ಮುಂದೆ ಕೂತು ಊಟ ಮಾಡುವುದು. ನಾನು ಇಲ್ಲದಿರುವಾಗಲೂ. ತಪ್ಪಿದರೆ ನಾನು ಜರ್ಮನಿಯಿಂದ ವಾಪಸು.’

“ಇದೆಂಥ ಹುಚ್ಚು! ದೋಸೆ ತಣ್ಣಗಾಗ್ತದೆ.”

“ಆಗಲಿ. ನನಗೆ ಅಲ್ಲಿ ಒಂದು ಕುರ್ಚಿ ಉಂಟು. ನಿಮಗೆ ಇಲ್ಲಿ ಇಲ್ಲದಿದ್ರೆ ನಾನು ಅಲ್ಲಿ ಕೂತು ತಿನ್ನುದು ಹೇಗೆ?”

ಸೊಸೆ ಬಟ್ಟೆಯ ರಾಶಿಯನ್ನು ಎತ್ತಿ ಒಳಗೆ ಒಯ್ದಳು. ನಾನು ಪೆನ್ನು ಹಿಡಿದೆ. ಈ ಸಲ ಅಕ್ಷರ ಕೂಡಿಸುವುದು ಹಿಂದಿಗಿಂತ ಕಷ್ಟವಾಯಿತು, ಕಾಗದವೇ ಸರಿಯಾಗಿ ಕಾಣಿಸುತ್ತಿರಲಿಲ್ಲ. ಮಗ ನಾಲ್ಕನೇ ಕುರ್ಚಿಯನ್ನು ಎಳೆದು ಎರಡು ಸಲ ತಟ್ಟಿದ.

ಕೂತೆ. ಸೊಸೆ ಇನ್ನೊಂದು ತಟ್ಟೆ ತಂದಿಟ್ಟಳು. ಮಗನೇ ಅದಕ್ಕೆ ದೋಸೆ ಹಾಕಿ, ಗಸಿಯಲ್ಲಿ ಹುಡುಕಿ ದೊಡ್ಡ ಬೂತಾಯಿಯನ್ನೇ ಬಡಿಸಿದ. ನಾವು ನಾಲ್ವರೂ ಒಟ್ಟಿಗೆ ಉಂಡೆವು.